ಕಾಗೆ ಮುಟ್ಟದ ಎಲೆ

ಶೀಲಾವತಿ ಮಾಡಿದ ಬಂಗುಡೆ ಮೀನನ್ನು ಮೊದಲ ಸಲ ನೋಡಿದವರು ಮೂಗಿಗೆ ಕೈ ಒಯ್ಯುತ್ತಿದ್ದರು. ಅದಕ್ಕೆ ವಾಸನೆಯೇ ಇಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಬೇಯಿಸಿದ ಬಾಳೆಕಾಯಿಯನ್ನು ನಾದಿ ಮೀನಿನ ಆಕಾರ ಕೊಟ್ಟು, ಉದ್ದಿನ ಹಪ್ಪಳದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಚರ್ಮದ ಹಾಗೆ ಹೊದಿಸಿ, ಹೊಟ್ಟೆಯ ಭಾಗಕ್ಕೆ ಮಿಠಾಯಿ ಅಂಗಡಿಯ ಬೆಳ್ಳಿ ವರ್ಖ ಅಂಟಿಸುತ್ತಿದ್ದಳು. ಬೆನ್ನಿನ ಕಪ್ಪು ಗೆರೆಗಳಿಗೆ ಎಳ್ಳು ಸುಟ್ಟ ಮಸಿ. ನೆನೆಸಿದ ಸಬ್ಬಕ್ಕಿಯ ಮೇಲೆ ಒಂದು ಸಾಸಿವೆ ಕಾಳು ಒತ್ತಿದರೆ ಕಣ್ಣು.

"ಯವ್ವಾ, ಇದು ನನ್ನ ಕಡೀನ ನೋಡಾಕತ್ತೈತಲ್ಲ!" ಎಂದು ಪಕ್ಕದ ಕೋಣೆಯ ಹನುಮವ್ವ ಒಮ್ಮೆ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಹನುಮವ್ವ ವಿಜಾಪುರದ ಕಡೆಯವಳು, ಮೀನು ಮಾಂಸ ಮುಟ್ಟದವಳು. ಶೀಲಾವತಿ ಬಾಲದ ಕಡೆಯಿಂದ ಒಂದು ತುಂಡು ಮುರಿದು ತಾನೇ ತಿಂದು ತೋರಿಸಿದ ಮೇಲೆ ಅವಳೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. "ಬಾಳಿಕಾಯಿ ಐತಿ ಬಿಡು," ಎಂದು ನಕ್ಕಳು.

ಈ ಕೆಲಸ ಶುರುವಾದದ್ದು ಅರವತ್ತೊಂಬತ್ತರಲ್ಲಿ. ಶೀಲಾವತಿಯ ಗಂಡ ಚೆನ್ನಯ ಮುಂಬಯಿಯ ಅಂಧೇರಿಯಲ್ಲಿ ಊರಿನವರೇ ನಡೆಸುತ್ತಿದ್ದ ಒಂದು ಹೋಟೆಲಿನಲ್ಲಿ ಅಡಿಗೆಯವನಾಗಿದ್ದ. ಹತ್ತಿರದ ಸ್ಟುಡಿಯೋಗಳಿಗೆ ಚಹಾ ತಿಂಡಿ ಅಲ್ಲಿಂದಲೇ ಹೋಗುತ್ತಿತ್ತು. ಒಂದು ಸಿನೆಮಾದವರು ಮದುವೆಯ ದೃಶ್ಯಕ್ಕೆಂದು ನಿಜವಾದ ಊಟವನ್ನೇ ತರಿಸಿ ಬಡಿಸಿದರು. ದೀಪಗಳ ಬಿಸಿಗೆ ಒಂದು ಗಂಟೆಯೊಳಗೆ ಅನ್ನ ಒಣಗಿತು, ಸಾರಿನ ಮೇಲೆ ಕೆನೆ ಕಟ್ಟಿತು, ಮಧ್ಯಾಹ್ನಕ್ಕೆ ಎಲ್ಲ ಹಳಸಿತು. ಪ್ಲಾಸ್ಟರಿನಲ್ಲಿ ಮಾಡಿದ ಊಟ ಇಡೋಣವೆಂದರೆ ನಟರು ಅದನ್ನು ಬಾಯಿಗೆ ಹಾಕಿ ಅಗಿಯಬೇಕಿತ್ತು. "ನನ್ನ ಹೆಂಡತಿ ಎಂತಾದ್ರೂ ಮಾಡಿಕೊಡ್ತಾಳೆ," ಎಂದು ಚೆನ್ನಯ ಹೇಳಿ ಬಂದ.

ಶೀಲಾವತಿ ಮೂರು ದಿನ ಯೋಚಿಸಿದಳು. ಶ್ಯಾವಿಗೆಯನ್ನು ಅಕ್ಕಿಯ ಅಳತೆಗೆ ಕತ್ತರಿಸಿ ಬೇಯಿಸಿ, ಬೆರಳ ತುದಿಯಲ್ಲಿ ಎಣ್ಣೆ ಸವರಿದಾಗ ಎಷ್ಟು ಹೊತ್ತಾದರೂ ಒಣಗದ ಅನ್ನವಾಯಿತು. ಸಾರಿಗೆ ಕೂವೆಹಿಟ್ಟು ಸೇರಿಸಿದಳು, ಕೆನೆ ಕಟ್ಟಲಿಲ್ಲ. ಮುಂದೆ ಬಟಾಟೆ, ವನಸ್ಪತಿ, ಸಕ್ಕರೆಪುಡಿ ಕಲಸಿ ಕರಗದ ಐಸ್‌ಕ್ರೀಮ್ ಮಾಡಿದಳು. ಪುನರ್ಪುಳಿ ಹಣ್ಣಿನ ಕೆಂಪು ರಸ ಕಾಯಿಸಿ, ಹೊಡೆತ ತಿಂದ ನಾಯಕ ಬಾಯಿಂದ ಉಗುಳುವ ರಕ್ತ ಮಾಡಿದಳು. ಎಳೆ ಹಲಸಿನ ನಾರಿನಿಂದ ಕೋಳಿ ಕಾಲು ಮಾಡಿದಳು. ತಿನ್ನಲು ಬಾರದ್ದನ್ನು ಮಾತ್ರ ಅವಳು ಸೆಟ್ಟಿಗೆ ಕಳಿಸುತ್ತಿರಲಿಲ್ಲ. ನಾಲ್ಕು ಸ್ಟುಡಿಯೋಗಳಲ್ಲಿ ಅವಳ ಹೆಸರು ಗೊತ್ತಿಲ್ಲದವರಿಗೂ "ಅಂಧೇರಿವಾಲಿ ಬಾಯಿ" ಗೊತ್ತಿದ್ದಳು.

ಕೆಲಸ ತರುತ್ತಿದ್ದವನು ರಮಾನಾಥ. ಕಾರ್ಕಳದ ಕಡೆಯವನು, ಮೂವತ್ತರ ಪ್ರಾಯ, ಒಬ್ಬ ದೊಡ್ಡ ನಿರ್ದೇಶಕರ ಐದಾರು ಸಹಾಯಕರಲ್ಲಿ ಕೊನೆಯವನು. ಸೆಟ್ಟಿನಲ್ಲಿ ಅವನನ್ನು ಎಲ್ಲರೂ ಓಡಿಸುತ್ತಿದ್ದರು, ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಚಾಳಿನ ಈ ಕೋಣೆಗೆ ಬಂದರೆ ಅವನಿಗೆ ಕುಚ್ಚಲಕ್ಕಿ ಗಂಜಿ ಸಿಗುತ್ತಿತ್ತು, ಊರಿನ ಮಾತು ಸಿಗುತ್ತಿತ್ತು. ಶೀಲಾವತಿಯನ್ನು ಅಕ್ಕ ಎಂದೂ ಚೆನ್ನಯನನ್ನು ಭಾವ ಎಂದೂ ಕರೆಯುತ್ತಿದ್ದ. ತಾನು ಬರೆದ ಕತೆಗಳನ್ನು ಶೀಲಾವತಿಗೆ ಓದಿ ಹೇಳುತ್ತಿದ್ದ. ಅವಳು ಬಾಳೆಕಾಯಿ ನಾದುತ್ತಲೇ ಕೇಳಿ, "ಇದು ಚಂದ ಉಂಟು, ಇದು ಅಷ್ಟೆಂತ ಇಲ್ಲ," ಎನ್ನುತ್ತಿದ್ದಳು. ಊರಿನಲ್ಲಿ ತಮ್ಮನಿಲ್ಲದ ಅವಳಿಗೆ ಇಲ್ಲಿ ಒಬ್ಬ ತಮ್ಮ ಸಿಕ್ಕಿದ್ದ.

ಆ ಮನೆಗೆ ಬಂದವರೆಲ್ಲರಿಗೂ ಚೆನ್ನಯ ಹೇಳುತ್ತಿದ್ದ ಒಂದು ಸಂಗತಿಯಿತ್ತು. ರಮಾನಾಥನೂ ಅದನ್ನು ನಾಲ್ಕಾರು ಸಲ ಕೇಳಿದ್ದ.

ತಾಯಿ ನೋಡಿದ ಹುಡುಗಿಯನ್ನು ಬಿಟ್ಟು ಚೆನ್ನಯ ಶೀಲಾವತಿಯನ್ನು ಮದುವೆಯಾಗಿದ್ದ. "ಇನ್ನು ನಿನ್ನ ಕೈಯ ನೀರೂ ನನಗೆ ಬೇಡ," ಎಂದಿದ್ದರು ತಾಯಿ. ಗಂಡ ಹೆಂಡತಿ ಮುಂಬಯಿಗೆ ಬಂದರು. ವರ್ಷ ಕಳೆಯುವುದರೊಳಗೆ, ಅರವತ್ತಾರರಲ್ಲಿ, ತಾಯಿ ತೀರಿಕೊಂಡರೆಂದು ಟೆಲಿಗ್ರಾಂ ಬಂತು. ಬರುವಾಗಲೇ ಮೂರು ದಿನ ತಡವಾಗಿತ್ತು. ಆಗ ಚೆನ್ನಯನಿಗೆ ಕೆಲಸವೂ ಇರಲಿಲ್ಲ. ಅವನಿದ್ದ ಹೋಟೆಲು ಮುಚ್ಚಿಹೋಗಿತ್ತು. ಬಾಂದ್ರಾದಲ್ಲಿ ಒಂದು ಬಿಲ್ಡಿಂಗಿನ ಟೆರೇಸಿನ ಮೇಲೆ, ತಗಡು ಹೊದಿಸಿದ ಕೋಣೆಯಲ್ಲಿ ಇಬ್ಬರೂ ಇದ್ದರು. ಊರಿನಲ್ಲಿ ತಾಯಿಯ ಉತ್ತರಕ್ರಿಯೆ, ಬೊಜ್ಜದ ಊಟ ನಡೆಯುವ ದಿನವೇ ಚೆನ್ನಯ ಅವರಿವರ ಹೋಟೆಲಿನಲ್ಲಿ ಕೇಳಿ ತಂದು, ತಾಯಿಗೆ ಇಷ್ಟವಾದದ್ದನ್ನೆಲ್ಲ ಟೆರೇಸಿನ ಮೇಲೆ ಕಾಗೆಗೆಂದು ಎಲೆಯಲ್ಲಿ ಬಡಿಸಿಟ್ಟ. ಸತ್ತವರು ಕಾಗೆಯಾಗಿ ಬಂದು ಉಂಡರೆ ಸಿಟ್ಟು ಹೋಯಿತೆಂದು ಅರ್ಥ. ಕಾಗೆ ಮುಟ್ಟುವ ತನಕ ಮನೆಯವರೂ ಉಣ್ಣುವ ಹಾಗಿಲ್ಲ.

"ಮುಂಬಯಿಯಲ್ಲಿ ಕಾಗೆಗೆ ಬರಗಾಲವಾ? ತಂತಿಯ ಮೇಲೆ ಸಾಲಾಗಿ ಕೂತಿದ್ದವು ಮಾರಾಯ, ಒಂದೂ ಇಳೀಲಿಲ್ಲ," ಎಂದು ಚೆನ್ನಯ ಹೇಳುತ್ತಿದ್ದ. "ಎರಡು ಗಂಟೆ ಕಾದೆ. ಅಮ್ಮನಿಗೆ ನನ್ನ ಕೈಯ ಅನ್ನ ಬೇಡ ಅಂತ ಗೊತ್ತಾಯ್ತು. ಅಲ್ಲಿ ನಿಲ್ಲಲಿಕ್ಕೆ ಆಗದೆ ಕೆಳಗೆ ನಳ್ಳಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಮೇಲೆ ಬಂದು ನೋಡ್ತೇನೆ, ಎಲೆ ಖಾಲಿ! ನಾಲ್ಕು ಕಡೆ ಕೊಕ್ಕಿನಿಂದ ಕುಕ್ಕಿದ ತೂತು. ನನ್ನ ಎದುರು ಉಣ್ಣಲಿಕ್ಕೆ ಅಮ್ಮನಿಗೆ ಬಿಗುಮಾನ, ನೋಡು. ನಾನು ಆಚೆ ಹೋದದ್ದೇ ಬಂದು ಉಂಡು ಹೋಗಿದ್ದಾರೆ."

ಅದೇ ವಾರ ಅವನಿಗೆ ಅಂಧೇರಿಯಲ್ಲಿ ಕೆಲಸ ಸಿಕ್ಕಿತು. ಐದು ತಿಂಗಳಿಗೆ ಹೆಣ್ಣು ಮಗು ಹುಟ್ಟಿತು. ತಾಯಿಯ ಅಪ್ಪಿ ಎಂಬ ಹೆಸರನ್ನೇ ಮಗಳಿಗಿಟ್ಟಿದ್ದರೂ ಅವಳನ್ನು "ಅಮ್ಮ" ಎಂದೇ ಕರೆಯುತ್ತಿದ್ದ. ಅವನು ಈ ಕತೆ ಹೇಳುವಾಗಲೆಲ್ಲ ಶೀಲಾವತಿಗೆ ಒಳಗೆ ಏನೋ ಕೆಲಸವಿರುತ್ತಿತ್ತು.

ಎಪ್ಪತ್ತಮೂರರಲ್ಲಿ ರಮಾನಾಥನ ತಾಯಿ ತೀರಿಕೊಂಡರು. ಊರಿಗೆ ಹೋಗಿ ಹದಿನೈದು ದಿನದ ಮೇಲೆ ಮರಳಿದವನು ನೇರವಾಗಿ ಶೀಲಾವತಿಯ ಮನೆಗೆ ಬಂದ. ಮಧ್ಯಾಹ್ನದ ಹೊತ್ತು. ಚೆನ್ನಯ ಕೆಲಸಕ್ಕೂ ಅಪ್ಪಿ ಶಾಲೆಗೂ ಹೋಗಿದ್ದರು. ಅವಳು ಕೊಟ್ಟ ಗಂಜಿಯನ್ನು ಅವನು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದ.

"ಕಾಗೆ ಬರಲಿಲ್ಲ ಅಕ್ಕ," ಎಂದ. "ಕಾದು ಕಾದು ಕೊನೆಗೆ ದನಕ್ಕೆ ಹಾಕಿದರು. ಅಣ್ಣ ಎಲ್ಲರೆದುರು ಹೇಳಿದ, ಸಿನೆಮಾ ಅಂತ ತಿರುಗಿದವನ ಮುಖ ನೋಡಲಿಕ್ಕೆ ಅಮ್ಮನಿಗೆ ಮನಸ್ಸಿಲ್ಲ ಅಂತ. ಭಾವನಿಗಾದರೂ ಅವರ ಅಮ್ಮ ಬಂದರು. ನನಗೆ ಬರಲಿಲ್ಲ."

ಅವನು ಸಣ್ಣ ಮಗುವಿನಂತೆ ಅತ್ತ. ಶೀಲಾವತಿಗೆ ನೋಡಲಾಗಲಿಲ್ಲ. ಕೈಯಲ್ಲಿದ್ದ ಹಿಟ್ಟನ್ನು ಪಕ್ಕಕ್ಕಿಟ್ಟಳು.

"ನಮ್ಮ ಎಲೆಗೂ ಕಾಗೆ ಬರ್ಲಿಲ್ಲ ರಮಾನಾಥ."

"ಭಾವ ಹೇಳ್ತಾರಲ್ಲ?"

"ಅವರು ಖಾಲಿ ಎಲೆ ಕಂಡದ್ದು. ತಿಂದದ್ದು ನಾನು."

ಏಳು ವರ್ಷ ಯಾರಿಗೂ ಹೇಳದ್ದನ್ನು ಅವಳು ಆ ಮಧ್ಯಾಹ್ನ ಹೇಳಿದಳು. ಬಾಂದ್ರಾದಲ್ಲಿದ್ದ ಆ ದಿನಗಳಲ್ಲಿ ಅವಳು ನಾಲ್ಕು ತಿಂಗಳ ಬಸುರಿ. ಇದ್ದ ಸ್ವಲ್ಪವನ್ನು ಗಂಡನಿಗೆ ಬಡಿಸಿ, ತಾನು ಮೊದಲೇ ಉಂಡೆ ಎಂದು ಸುಳ್ಳು ಹೇಳುತ್ತಿದ್ದಳು. ಆ ದಿನಕ್ಕೆ ಎರಡು ದಿನದಿಂದ ಅವಳ ಹೊಟ್ಟೆಗೆ ನೀರಿನ ಹೊರತು ಏನೂ ಬಿದ್ದಿರಲಿಲ್ಲ. ಟೆರೇಸಿನಲ್ಲಿ ನೀರಿನ ಟಾಂಕಿಯ ನೆರಳಿನಲ್ಲಿ ಎಲೆಯಿತ್ತು. ಹುಳಿ ಮೆಣಸು ಹಾಕಿದ ಬಂಗುಡೆ ಪುಳಿಮುಂಚಿಯ ಪರಿಮಳ ಗಾಳಿಗೆ ಬರುತ್ತಿತ್ತು. ಚೆನ್ನಯ ಕೆಳಗಿಳಿದ.

"ಅವರ ಸಮಾಧಾನಕ್ಕೆ ತಿಂದೆ ಅಂತ ಹೇಳಿದ್ರೆ ಸುಳ್ಳಾಗ್ತದೆ," ಎಂದಳು. "ಆ ಯೋಚನೆ ಆಮೇಲೆ ಬಂದದ್ದು. ಮೊದಲು ಕೈ ಹೋಯ್ತು. ಮುಳ್ಳು ಸಹ ಬಿಡ್ಲಿಲ್ಲ. ಎಲ್ಲಾ ಆದ ಮೇಲೆ ಹೆದರಿಕೆ ಆಗಿ, ಉಗುರಿನಿಂದ ಎಲೆಗೆ ನಾಲ್ಕು ತೂತು ಮಾಡಿದೆ. ಅವರು ಬಂದು ನೋಡಿ ಎಷ್ಟು ಸಂತೋಷಪಟ್ಟರು ಗೊತ್ತುಂಟಾ? ಆಮೇಲೆ ಹೇಗೆ ಹೇಳುವುದು?"

ರಮಾನಾಥ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ.

"ಕಾಗೆಗೆ ಎಂತ ಗೊತ್ತುಂಟು? ಬಂದರೂ ಅಷ್ಟೇ, ಬಾರದಿದ್ರೂ ಅಷ್ಟೇ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಈ ಮಾತು ಇಲ್ಲೇ ಇರಲಿ. ನಿನ್ನ ಭಾವನಿಗೆ ಗೊತ್ತಾದ್ರೆ ಅವರು ತಡ್ಕೊಳ್ಳಲಿಕ್ಕಿಲ್ಲ."

ರಮಾನಾಥ ಅವಳ ಹಿಟ್ಟಿನ ಕೈಗಳನ್ನು ಹಿಡಿದುಕೊಂಡ. "ಸತ್ತ ಅಮ್ಮನ ಆಣೆ ಅಕ್ಕ. ನನ್ನ ಹೊಟ್ಟೆಯಲ್ಲೇ ಇರ್ತದೆ."

ಆಮೇಲೆ ಗಂಜಿಯನ್ನು ಪೂರ್ತಿ ಕುಡಿದು ಹೋದ.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ದೊಡ್ಡ ಕೆಲಸ ತಂದ. ಹೊಸ ಷರಟು ಹಾಕಿದ್ದ. ನಿರ್ದೇಶಕರು ಈಗ ತನ್ನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ, ದೃಶ್ಯಗಳನ್ನು ತನ್ನಿಂದ ಬರೆಸುತ್ತಿದ್ದಾರೆ ಎಂದ. ಕೊಂಕಣದ ಕಡೆಯ ಒಂದು ಕುಟುಂಬದ ಕತೆ. ಒಂದೊಂದು ಟೇಕಿಗೆ ಒಂದರಂತೆ ಹನ್ನೆರಡು ಎಲೆ ಬೇಕು. ಒಂದೊಂದರಲ್ಲೂ ಕೆಂಪು ಅನ್ನದ ಉಂಡೆ, ವಡೆ, ಬೆಲ್ಲ, ಮಸಾಲೆಯಲ್ಲಿ ಒಂದು ಬಂಗುಡೆ. ನಾಯಕಿ ಗುಜರಾತಿನವಳು, ಮೀನು ಮುಟ್ಟದವಳು. ಆದರೆ ತಿನ್ನುವುದು ಕ್ಯಾಮರಾದ ಎದುರಿಗೇ ಆಗಬೇಕು.

"ದೃಶ್ಯ ಎಂತದ್ದು?" ಎಂದು ಶೀಲಾವತಿ ಕೇಳಿದಳು.

ರಮಾನಾಥ ಕಿಟಕಿಯ ಕಡೆ ನೋಡಿದ. "ಶ್ರಾದ್ಧದ್ದು ಅಕ್ಕ. ಪ್ರಸಾದದ ಹಾಗೆ ಸ್ವಲ್ಪ ತಿನ್ನುವುದು. ಎಲ್ಲರ ಮನೆಯಲ್ಲೂ ಇರುವಂಥದ್ದೇ."

ತಾನು ಅವನಿಗೆ ಹೇಳಿದ್ದು ಅವಳಿಗೆ ನೆನಪಾಯಿತು. ಆದರೆ ಸತ್ತ ತಾಯಿಯ ಆಣೆ ಹಾಕಿದವನನ್ನು ಸಂಶಯಿಸುವುದಕ್ಕೆ ಅವಳಿಗೇ ನಾಚಿಕೆಯಾಯಿತು.

ಎರಡು ದಿನ ಮನೆಯೆಲ್ಲ ಬಾಳೆಕಾಯಿ, ಹಪ್ಪಳದ ಹಿಟ್ಟು. ಚೆನ್ನಯನಿಗೆ ಈ ಕೆಲಸದಲ್ಲಿ ಎಂದಿಲ್ಲದ ಹುರುಪು. ಎದುರಿಗೇ ಕೂತು, "ಆವತ್ತು ಅಮ್ಮನ ಎಲೆಯಲ್ಲಿ ವಡೆ ಬಲಗಡೆ ಇಟ್ಟಿದ್ದೆ. ಹಾಗೇ ಇಡು ಶೀಲಾ," ಎನ್ನುತ್ತಿದ್ದ. ಮಸಾಲೆಯ ಬಣ್ಣ ಸಾಲದೆಂದು ಬ್ಯಾಡಗಿ ಮೆಣಸನ್ನು ತಾನೇ ಅರೆದುಕೊಟ್ಟ. ಶೂಟಿಂಗಿನ ದಿನ ಅವನಿಗೆ ರಜೆಯಿತ್ತು. "ಇಷ್ಟೆಲ್ಲ ನೀನೊಬ್ಬಳೇ ಲೋಕಲ್‌ನಲ್ಲಿ ಹೇಗೆ ತಗೊಂಡು ಹೋಗ್ತಿ? ನಾನೂ ಬರ್ತೇನೆ. ಅಮ್ಮನ ಎಲೆ ಸಿನೆಮಾದಲ್ಲಿ ಬರುವುದನ್ನು ನೋಡುವ," ಎಂದ.

ಗೋರೆಗಾಂವ್‌ನ ಸ್ಟುಡಿಯೋದಲ್ಲಿ ಸೆಟ್ಟನ್ನು ಕಂಡ ಕೂಡಲೇ ಶೀಲಾವತಿ ಅಲ್ಲೇ ನಿಂತುಬಿಟ್ಟಳು. ಬಿಲ್ಡಿಂಗಿನ ಟೆರೇಸು. ತಗಡಿನ ಕೋಣೆ. ನೀರಿನ ಟಾಂಕಿ, ಅದರ ನೆರಳಿನಲ್ಲಿ ಎಲೆಗೆ ಗೊತ್ತುಮಾಡಿದ ಜಾಗ. ಆಚೆ ಒಬ್ಬ ಬಲೆಯ ಪಂಜರದಲ್ಲಿ ಐದಾರು ಕಾಗೆಗಳನ್ನಿಟ್ಟುಕೊಂಡು ಬೀಡಿ ಸೇದುತ್ತಿದ್ದ.

"ನಮ್ಮ ಬಾಂದ್ರಾದ ಟೆರೇಸಿನ ಹಾಗೇ ಉಂಟಲ್ಲ!" ಎಂದ ಚೆನ್ನಯ, ಮುಖವೆಲ್ಲ ಅರಳಿಸಿ.

ಅವಳು ರಮಾನಾಥನನ್ನು ಹುಡುಕಿದಳು. ಅವನು ದೂರದಲ್ಲಿ ನಿರ್ದೇಶಕರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಚೆನ್ನಯನನ್ನು ಕಂಡು ಅವನ ಮುಖದ ಬಣ್ಣ ಇಳಿಯಿತು. ತಕ್ಷಣ ಬೇರೆ ಕಡೆ ತಿರುಗಿಕೊಂಡ. ಅಷ್ಟರಲ್ಲಿ ದೀಪಗಳು ಹತ್ತಿದವು. ಎಲ್ಲರೂ ಸುಮ್ಮನಾದರು.

ನಾಯಕ ಎಲೆಯ ಮುಂದೆ ಕೈಮುಗಿದು ಕೂತ. ಕಾಗೆಗಳು ಬರಲಿಲ್ಲ. ಅವನು ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದ. ಹೊಟ್ಟೆಗೆ ಬಟ್ಟೆ ಕಟ್ಟಿ ಬಸುರಿಯಾಗಿದ್ದ ನಾಯಕಿ ಆಚೀಚೆ ನೋಡಿದಳು, ಎಲೆಯ ಮುಂದೆ ಕೂತಳು, ತಿನ್ನತೊಡಗಿದಳು. ಚೆನ್ನಯ ಮೊದಲು ಏನೂ ತಿಳಿಯದವನಂತೆ ನಗುತ್ತಲೇ ಇದ್ದ. ಆಮೇಲೆ ನಾಯಕಿ ಖಾಲಿ ಎಲೆಯ ಮೇಲೆ ಬಾಗಿ, ಉಗುರಿನಿಂದ ಒಂದು ತೂತು ಮಾಡಿದಳು. ಇನ್ನೊಂದು. ಮತ್ತೊಂದು. ನಾಲ್ಕು.

ಚೆನ್ನಯ ಕೈಯಲ್ಲಿದ್ದ ಹರಿವಾಣವನ್ನು ಸದ್ದಾಗದಂತೆ ನೆಲದ ಮೇಲಿಟ್ಟ. ನಾಯಕಿಯನ್ನು ಬಿಟ್ಟು ಹೆಂಡತಿಯ ಮುಖ ನೋಡಿದ. ಶೀಲಾವತಿ ತಲೆ ತಗ್ಗಿಸಿದಳು. ಅವನಿಗೆ ಅಷ್ಟು ಸಾಕಾಯಿತು. ಯಾರನ್ನೂ ಏನನ್ನೂ ಕೇಳದೆ ಹೊರಗೆ ಹೊರಟುಹೋದ.

ಅವಳು ಹಿಂದೆಯೇ ಓಡಬೇಕೆಂದಾಗ ರಮಾನಾಥ ಅಡ್ಡ ಬಂದ. "ಇನ್ನೊಂದು ಟೇಕ್ ಉಂಟು ಅಕ್ಕ. ಬೇಗ ಎಲೆ ಜೋಡಿಸಿ."

"ಅಮ್ಮನ ಆಣೆ ಹಾಕಿದ್ದಿ."

"ನಾನು ಯಾರ ಹೆಸರೂ ಹೇಳ್ಲಿಲ್ಲ. ಸಾಹೇಬರ ಹತ್ತಿರ ನಾನೇ ಕಟ್ಟಿದ ಕತೆ ಅಂತ ಹೇಳಿದ್ದು." ಅದೊಂದು ಉಪಕಾರವೆಂಬಂತೆ ಅವನು ಹೇಳಿದ. "ಭಾವ ಬರ್ತಾರೆ ಅಂತ ನನಗೇನು ಗೊತ್ತು? ನೀವೊಬ್ಬರೇ ಬರುವುದಲ್ವಾ ಯಾವಾಗಲೂ?"

"ನಾನೊಬ್ಬಳೇ ಬಂದಿದ್ರೆ ಇದು ಸರಿಯಾಗ್ತಿತ್ತಾ?"

ಅವನು ದನಿ ತಗ್ಗಿಸಿದ. "ಆರು ವರ್ಷ ಇವರ ಹಿಂದೆ ಚಪ್ಪಲಿ ಸವೆಸಿದ್ದೇನೆ ಅಕ್ಕ. ಇದೊಂದು ಸಂಗತಿ ಹೇಳಿದಾಗ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು. ಥಿಯೇಟರಿನಲ್ಲಿ ಜನ ಅಳ್ತಾರೆ, ನೋಡಿ. ನಿಮ್ಮ ಕಷ್ಟಕ್ಕೆ ಅಳ್ತಾರೆ."

"ಆವತ್ತು ನೀನು ನಮ್ಮ ಮನೆಯಲ್ಲಿ ಅತ್ತದ್ದು?"

"ಅದು ಸುಳ್ಳಲ್ಲ. ದೇವರಾಣೆ..."

"ಇನ್ನು ಆಣೆ ಹಾಕಬೇಡ," ಎಂದು ಶೀಲಾವತಿ ಅವನನ್ನು ದಾಟಿ ನಡೆದಳು.

ಉಳಿದ ಹನ್ನೊಂದು ಎಲೆಗಳ ಸಾಮಾನು ಅಲ್ಲೇ ಇತ್ತು. ಎತ್ತಿಕೊಂಡು ಹೋಗಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಬಾಗಿಲು ದಾಟುವಾಗ ಹಿಂದಿನಿಂದ ನಾಯಕಿಯ ದನಿ ಕೇಳಿತು: "ಮಛಲಿ ತೋ ಬಹುತ್ ಅಚ್ಛೀ ಬನೀ ಹೈ!" ಮೀನು ಬಹಳ ಚೆನ್ನಾಗಿದೆ ಎಂಬ ಆ ಮಾತಿಗೆ ಎಲ್ಲರೂ ನಕ್ಕರು.

ಚೆನ್ನಯ ಮನೆಯಲ್ಲಿ ಗೋಡೆಗೊರಗಿ ಕೂತಿದ್ದ. ಸಂಜೆ ನಾಲ್ಕರ ಬಿಸಿಲು ಬಾಗಿಲ ತನಕ ಬಂದಿತ್ತು.

"ನಿಜವಾ?"

"ಹೌದು."

"ತೂತು ಸಹ?"

"ಹೌದು."

ಆಮೇಲೆ ಅವನು ಹೇಳಿದ್ದನ್ನು ಅವಳು ನಿರೀಕ್ಷಿಸಿರಲಿಲ್ಲ. "ತಿಂದದ್ದು ಇರಲಿ. ಅವನ ಹತ್ತಿರ ಹೇಳಿದಿ. ನನ್ನ ಹತ್ತಿರ ಹೇಳ್ಲಿಲ್ಲ."

"ಅವನ ಅಮ್ಮ ತೀರಿಕೊಂಡಿದ್ದರು. ಅಷ್ಟು ಅಳ್ತಾ ಇದ್ದ, ನನಗೆ ತಡೀಲಿಕ್ಕೆ ಆಗ್ಲಿಲ್ಲ."

"ನಾನು ಅಳ್ಲಿಲ್ವಾ?"

ಶೀಲಾವತಿ ಎದ್ದು ಒಲೆ ಹೊತ್ತಿಸಿದಳು. ಅವಳು ಅನ್ನ ಮಾಡಿ ಬಡಿಸಿದಾಗ ಅವನು ಬಟ್ಟಲನ್ನು ಆಚೆ ಸರಿಸಿದ. ಕೂಗಾಡಲಿಲ್ಲ. "ನೀನು ಮಾಡಿದ್ದರಲ್ಲಿ ನಿಜದ್ದು ಯಾವುದು, ಬಣ್ಣದ್ದು ಯಾವುದು ಅಂತ ಇನ್ನು ನನಗೆ ಗೊತ್ತಾಗ್ಲಿಕ್ಕಿಲ್ಲ," ಎಂದ. ಅಂದಿನಿಂದ ಹೋಟೆಲಿನಲ್ಲೇ ಉಂಡು ಬರತೊಡಗಿದ. ನೀರನ್ನೂ ತಾನೇ ಕೊಡದಿಂದ ತೆಗೆದುಕೊಳ್ಳುತ್ತಿದ್ದ. ಬೇಕಾದ್ದನ್ನು ಮಗಳ ಮೂಲಕ ಹೇಳಿಸುತ್ತಿದ್ದ. ಆ ಮಗಳನ್ನೂ ಅವನು ಈಗ "ಅಮ್ಮ" ಎನ್ನುತ್ತಿರಲಿಲ್ಲ.

"ಮಮ್ಮಿ, ಪಪ್ಪಾ ನನ್ನ ಮೇಲೆ ಗುಸ್ಸಾ ಆಗಿದ್ದಾರಾ?" ಎಂದು ಎಂಟು ವರ್ಷದ ಹುಡುಗಿ ಕೇಳಿದಳು. "ಅವರು ನನ್ನನ್ನು ಅಪ್ಪಿ ಅಪ್ಪಿ ಬೋಲ್ತಾರೆ."

ಶೀಲಾವತಿ ಸೆಟ್ಟಿನ ಕೆಲಸ ಬಿಟ್ಟುಬಿಟ್ಟಳು. ಬೇರೆ ಕಂಪನಿಯವರು ಮನೆ ಹುಡುಕಿಕೊಂಡು ಬಂದರೂ ಆಗುವುದಿಲ್ಲ ಎಂದಳು. ರಮಾನಾಥ ಎರಡು ಸಲ ಬಂದ. ಮೊದಲ ಸಲ ಅವಳು ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ಹನುಮವ್ವನೇ ಹೊರಗೆ ನಿಂತು, "ಆಕಿಗೆ ಮೈಯಾಗ ಆರಾಮಿಲ್ಲ, ಹೋಗಪ್ಪ," ಎಂದು ಕಳಿಸಿದಳು. ಏನಾಗಿದೆಯೆಂದು ಹನುಮವ್ವನಿಗೆ ಗೊತ್ತಿರಲಿಲ್ಲ, ಅವಳು ಕೇಳಲೂ ಇಲ್ಲ.

ಮುಂದಿನ ವರ್ಷ ಗಣೇಶ ಚೌತಿಯ ಸುಮಾರಿಗೆ ಸಿನೆಮಾ ಬಿಡುಗಡೆಯಾಯಿತು. ಕಾಗೆಯ ದೃಶ್ಯ ಎಲ್ಲರ ಬಾಯಲ್ಲೂ ಬಂತು. ಹನುಮವ್ವ ನೋಡಿ ಬಂದವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಶೀಲಾವತಿಯ ಮುಂದೆ ಕೂತಳು.

"ಏನ್ ಹೆಂಗಸವ್ವಾ ಆಕಿ! ಗಂಡನ ದುಃಖ ನೋಡಲಾರದ ಸತ್ತ ಅತ್ತೀ ಫೋಟೋ ಮುಂದ ಕೈ ಮುಗಿದು, ನಿಮ್ಮ ಮಗನ ಸಲುವಾಗಿ ಈ ಪಾಪ ನಾನು ಹೊರತೀನಿ ಅಂತಾಳ. ಅಂದು, ಅಳಕೋತ ತಿಂತಾಳ. ಗಂಟಲದಾಗ ಇಳಿಯೂದಿಲ್ಲ, ಆದ್ರೂ ತಿಂತಾಳ. ಹೊಟ್ಟಿ ತುಂಬಿದ ಮನಿ ಹೆಣ್ಣುಮಗಳು ಅಷ್ಟ್ ಮಾಡಬೇಕಂದ್ರ!"

"ಹೊಟ್ಟೆ ತುಂಬಿದವಳಾ?"

"ಹೂಂ ಮತ್ತ. ಸಾಹುಕಾರ್ರ ಮಗಳು."

ಹನುಮವ್ವ ಹೋದ ಮೇಲೆ ಶೀಲಾವತಿ ಒಬ್ಬಳೇ ಕೂತಿದ್ದಳು. ತನ್ನ ಮಾತನ್ನು ರಮಾನಾಥ ಮಾರಿಕೊಂಡ ಎಂಬ ಸಂಕಟಕ್ಕೆ ಒಂದು ವರ್ಷದಲ್ಲಿ ಸ್ವಲ್ಪ ಒಗ್ಗಿಹೋಗಿದ್ದಳು. ಇದು ಅದಕ್ಕಿಂತ ಬೇರೆ ಥರದ್ದು. ಟಾಂಕಿಯನ್ನು ತೆಗೆದುಕೊಂಡಿದ್ದ, ತೂತುಗಳನ್ನು ತೆಗೆದುಕೊಂಡಿದ್ದ, ಬಸುರಿಯ ಹೊಟ್ಟೆಯನ್ನು ತೆಗೆದುಕೊಂಡಿದ್ದ. ಹಸಿವನ್ನು ಮಾತ್ರ ಬಿಟ್ಟುಬಿಟ್ಟಿದ್ದ.

ಮರುವಾರ ಒಂದು ಹಿಂದಿ ಪತ್ರಿಕೆಯಲ್ಲಿ ರಮಾನಾಥನ ಚಿತ್ರ ಬಂತು. ತಾಯಿಯ ಶ್ರಾದ್ಧದ ದಿನ ಕಾಗೆಗಾಗಿ ಕಾಯುತ್ತಿದ್ದಾಗ ತನಗೆ ಆ ದೃಶ್ಯ ಹೊಳೆಯಿತೆಂದು ಅವನು ಹೇಳಿದ್ದ. ಮುಂದಿನ ಸಿನೆಮಾವನ್ನು ಅವನೇ ನಿರ್ದೇಶಿಸುತ್ತಾನೆಂದು ಬರೆದಿತ್ತು. ಅಪ್ಪಿ ಅದನ್ನು ಶಾಲೆಯ ಗೆಳತಿಯ ಮನೆಯಿಂದ ತಂದು, "ಮಾಮಾನ ಫೋಟೋ!" ಎಂದು ತೋರಿಸಿದಳು. ಶೀಲಾವತಿ ಓದಿಸಿ ಕೇಳಿ, ಪತ್ರಿಕೆಯನ್ನು ಮರಳಿ ಕೊಟ್ಟು ಬರಲು ಕಳಿಸಿದಳು.

ಚೆನ್ನಯ ಆ ಸಿನೆಮಾ ನೋಡಲಾರನೆಂದು ಅವಳು ಭಾವಿಸಿದ್ದಳು. ಆದರೆ ಒಂದು ಗುರುವಾರ ಮ್ಯಾಟಿನಿಗೆ ಹೋಗಿದ್ದನಂತೆ. ಐದು ಗಂಟೆಗೆ ಮನೆಗೆ ಬಂದವನು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತ.

"ಸ್ವಲ್ಪ ನೀರು ಕೊಡು."

ಒಂದು ವರ್ಷದ ಮೇಲೆ ಅವನು ಅವಳನ್ನೇ ಕೇಳಿದ್ದ. ಅವಳು ಕೊಡದಿಂದ ಲೋಟ ತುಂಬಿಸಿ ತಂದಳು. ಅವನು ಲೋಟ ತೆಗೆದುಕೊಂಡು ಪೂರ್ತಿ ಕುಡಿದ.

"ನೋಡಿ ಬಂದೆ," ಎಂದ. "ಆವತ್ತು ನಾನಿದ್ದಾಗ ತಿನ್ನುವುದನ್ನು ಮಾತ್ರ ತೆಗೆದದ್ದು. ಅವಳು ಫೋಟೋದ ಎದುರು ಹೇಳಿದ್ದನ್ನು ಇವತ್ತು ಕೇಳಿದೆ." ಅವಳ ಕಡೆ ತಿರುಗಿ ಕೂತ. "ನನಗೋಸ್ಕರ ಮಾಡಿದ್ದು ಅಂತ ಆವತ್ತೇ ಒಂದು ಮಾತು ಹೇಳಬಾರದಿತ್ತಾ ಶೀಲಾ? ನಾನು ಒಂದು ವರ್ಷ ನಿನ್ನನ್ನು ಹೀಗೆ..."

ಅವನು ಅವಳ ಮುಖ ನೋಡುತ್ತಿದ್ದ. ಹೌದು ಎಂದರೆ ಸಾಕಿತ್ತು. ಬಾಯಿಂದ ಹೇಳಬೇಕೆಂದೂ ಇರಲಿಲ್ಲ, ಸುಮ್ಮನೆ ಕಣ್ಣೀರು ಹಾಕಿದ್ದರೂ ನಡೆಯುತ್ತಿತ್ತು. ಗಂಡ ಮರಳಿ ಬರುತ್ತಿದ್ದ. ಅಪ್ಪಿ ಮರಳಿ ಅಮ್ಮನಾಗುತ್ತಿದ್ದಳು. ರಮಾನಾಥ ಕಟ್ಟಿದ ಆ ಚಂದದ ಹೆಂಗಸಾಗಿ ಅವಳು ಉಳಿದ ಆಯುಷ್ಯ ಕಳೆಯಬಹುದಿತ್ತು.

"ಅಲ್ಲ," ಎಂದಳು ಶೀಲಾವತಿ. "ಅದು ಅವನು ಸೇರಿಸಿದ್ದು. ನನಗೆ ಹಸಿವಾಗಿತ್ತು."

ಚೆನ್ನಯನಿಗೆ ಅರ್ಥವಾಗಲಿಲ್ಲ. "ಎಂತ ಹಸಿವು?"

"ಹಸಿವು ಅಂದ್ರೆ ಹಸಿವು. ಎರಡು ದಿನ ಉಂಡಿರ್ಲಿಲ್ಲ."

"ನಾನು ಇದ್ದೆನಲ್ಲ ಮನೆಯಲ್ಲಿ. ದಿನಾ ಒಟ್ಟಿಗೇ..." ಎಂದವನು ಅಲ್ಲಿಗೇ ನಿಂತ. ಒಟ್ಟಿಗೆ ಕೂತು ಉಂಡದ್ದು ಯಾವ ದಿನ ಎಂದು ನೆನಪು ಮಾಡಿಕೊಳ್ಳುತ್ತಿದ್ದಂತೆ ಕಂಡಿತು. "ನೀನು ಮೊದಲೇ ಉಂಡೆ ಅಂತ ಹೇಳ್ತಿದ್ದಿ."

"ಹೇಳ್ತಿದ್ದೆ. ನಿಜ ಹೇಳಿದ್ರೆ ನೀವು ಅರ್ಧ ನನಗೆ ಹಾಕ್ತಿದ್ರಿ. ಕೆಲಸ ಹುಡುಕಲಿಕ್ಕೆ ಕೊಲಾಬಾದ ತನಕ ನಡೆದು ಹೋಗ್ತಿದ್ದವರು ನೀವು."

"ಎಷ್ಟು ದಿನ?"

"ಯಾಕೆ ಈಗ ಅದೆಲ್ಲ?"

"ಎಷ್ಟು ದಿನ ಹೇಳು."

ಅವಳು ಹೇಳಿದಳು. ಹೋಟೆಲು ಮುಚ್ಚಿದ ವಾರದಿಂದ ಶುರುಮಾಡಿ, ಯಾವ ದಿನ ಗಂಜಿಯ ತಿಳಿ ಮಾತ್ರ, ಯಾವ ದಿನ ಕೆಳಗಿನ ಮನೆಯವರು ಕೊಟ್ಟ ಎರಡು ಬಾಳೆಹಣ್ಣು, ಯಾವ ದಿನ ಏನೂ ಇಲ್ಲ ಎಂದು ನೆನಪಾದಂತೆಲ್ಲ ಹೇಳಿದಳು. ಅವಳು ಮುಗಿಸಿದ ಮೇಲೆ ಚೆನ್ನಯ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ.

"ಹಾಗಾದ್ರೆ ಅಮ್ಮ ಬರಲೇ ಇಲ್ಲ," ಎಂದ.

"ಬರ್ಲಿಲ್ಲ."

ಅವನು ಅತ್ತ. ತಾಯಿ ಸತ್ತ ಟೆಲಿಗ್ರಾಂ ಈಗಷ್ಟೇ ಕೈಗೆ ಸಿಕ್ಕಿದವನಂತೆ ಅತ್ತ. ಶೀಲಾವತಿ ಹತ್ತಿರ ಹೋಗಲೂ ಇಲ್ಲ, ದೂರ ಸರಿಯಲೂ ಇಲ್ಲ. ಕ್ಷಮಿಸು ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ.

ಮರುದಿನದಿಂದ ಚೆನ್ನಯ ಮನೆಯಲ್ಲಿ ಉಣ್ಣತೊಡಗಿದ. ಅವಳನ್ನು ಎದುರಿಗೇ ಕೂರಿಸಿಕೊಂಡು ಉಣ್ಣುತ್ತಿದ್ದ. ಕೂರುವ ಮೊದಲು ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಇಬ್ಬರಿಗೂ ಮಗಳಿಗೂ ಸಾಕಾಗುವಷ್ಟಿದೆಯೇ ಎಂದು ತಾನೇ ನೋಡುತ್ತಿದ್ದ. ಉಂಟು ಎಂದು ಅವಳು ಹೇಳಿದರೂ ನೋಡುತ್ತಿದ್ದ. ಅವಳ ಮೇಲಿನ ಕಾಳಜಿಗೆ ಹಾಗೆ ನೋಡುತ್ತಾನೋ, ಅವಳ ಮಾತಿನ ಮೇಲೆ ನಂಬಿಕೆ ಸಾಲದೆ ನೋಡುತ್ತಾನೋ ಎಂದು ಶೀಲಾವತಿ ಯೋಚಿಸುತ್ತಿದ್ದಳು. ಒಂದು ದಿನವೂ ಕೇಳಲಿಲ್ಲ.